ಮಳೆನೀರಿನ ಕಟ್ಟಳೆ

“ಹಿರಿಯರು ಮಾಡಿಟ್ಟ ಕಟ್ಟಳೆಯನ್ನು ಬದಲಿಸಿದರೆ ಅದು ಅವರಿಗೆ ತೋರಿದ ಅಗೌರವವಲ್ಲವೇ, ಗುರುಗಳೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಅವನನ್ನು ಕೂರಲು ಹೇಳಿ ಈ ಕತೆ ಹೇಳಿದರು.

ಗುಡ್ಡದ ಇಳಿಜಾರಿನಲ್ಲಿ ಒಂದು ಊರಿತ್ತು. ಮೊದಲು ಮನೆಗಳೆಲ್ಲ ಮೇಲಿದ್ದವು. ಕೆಳಗೆ ದನ ಮೇಯುವ ಹುಲ್ಲುಗಾವಲು. ಆ ಕಾಲದಲ್ಲಿ ಮಳೆಯ ನೀರು ಅಂಗಳಗಳಲ್ಲಿ ನಿಂತು ಕೊಳೆಯುತ್ತಿತ್ತು. ಪ್ರತಿ ಮಳೆಗಾಲವೂ ಜ್ವರ ಬಂದು ಊರಿನ ಮಕ್ಕಳನ್ನು ಒಯ್ಯುತ್ತಿತ್ತು. ಹಿರಿಯರು ಸೇರಿ ಒಂದು ಕಟ್ಟಳೆ ಮಾಡಿದರು: ‘ಯಾರ ಅಂಗಳದಲ್ಲೂ ನೀರು ನಿಲ್ಲಕೂಡದು. ಬಿದ್ದ ನೀರನ್ನು ಬಿದ್ದ ಹಾಗೆಯೇ ಕೆಳಕ್ಕೆ ಹರಿಯಬಿಡಬೇಕು.’ ಮನೆಮನೆಗೂ ಕಲ್ಲಿನ ಚರಂಡಿಯಾಯಿತು. ಜ್ವರ ಊರು ಬಿಟ್ಟಿತು. ಜನ ಆ ಮಾತನ್ನು ಕಲ್ಲಿನಲ್ಲಿ ಕೆತ್ತಿಸಿ ಚಾವಡಿಯ ಮುಂದೆ ನಿಲ್ಲಿಸಿದರು. ಅದಕ್ಕೆ ಕೈಮುಗಿದೇ ಮುಂದೆ ಹೋಗುವವರೂ ಇದ್ದರು.

ಊರು ಬೆಳೆಯಿತು. ಮೇಲೆ ಜಾಗ ಸಾಲದಾಯಿತು. ಹುಲ್ಲುಗಾವಲಿನಲ್ಲಿ ನೇಕಾರರು ಬಂದು ಮನೆ ಕಟ್ಟಿಕೊಂಡರು. ಅದಕ್ಕೆ ಕೆಳಗಿನ ಬೀದಿ ಎಂಬ ಹೆಸರಾಯಿತು.

ಆ ಊರಿನ ಮೇಲ್ಗಡೆ ಒಬ್ಬ ವರ್ತಕ ಹೊಸ ಮನೆ ಕಟ್ಟಿಸಿದ. ಗುಡ್ಡವನ್ನು ಕಡಿದು ನೆಲ ಸಮ ಮಾಡಿಸಿದ. ಗಿಡಗಂಟಿಗಳನ್ನು ತೆಗೆಸಿ ಅಂಗಳಕ್ಕೆಲ್ಲ ಕಲ್ಲು ಹಾಸಿಸಿದ. ಎಲ್ಲರ ಚರಂಡಿಗಿಂತ ಅಗಲವಾದ ಚರಂಡಿ ಅವನದು. ಎಂಥ ಮಳೆ ಬಂದರೂ ಅದು ನಿಂತ ಕೂಡಲೇ ಅವನ ಅಂಗಳ ಒಣಗುತ್ತಿತ್ತು. ಊರಿನ ಯಜಮಾನ ಬೇರೆಯವರನ್ನು ಕರೆತಂದು, “ಕಟ್ಟಳೆ ಪಾಲಿಸುವುದೆಂದರೆ ಹೀಗೆ” ಎಂದು ತೋರಿಸುತ್ತಿದ್ದ. ವರ್ತಕ ಒಳ್ಳೆಯವನು. ತನ್ನಿಂದ ಯಾರಿಗೂ ತೊಂದರೆಯಾಗಬಾರದು ಎಂದು ಬದುಕಿದವನು. ಆ ಮಾತು ಕೇಳಿದಾಗ ಅವನಿಗೆ ಸಂತೋಷವಾಗುತ್ತಿತ್ತು.

ಅವನ ಮಗಳ ಮದುವೆ ಗೊತ್ತಾಯಿತು. ಧಾರೆ ಸೀರೆ ನೇಯಲು ಕೆಳಗಿನ ಬೀದಿಯ ನೇಕಾರನೊಬ್ಬನಿಗೆ ಹೇಳಿದ. ನೇಕಾರನದು ಗುಂಡಿಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲಿಳಿಬಿಟ್ಟು, ಅಂಚಿನಲ್ಲಿ ಕುಳಿತು ನೇಯಬೇಕು. ಅರ್ಧ ಸೀರೆ ಆಗಿತ್ತು. ಒಂದು ಮಧ್ಯಾಹ್ನ ಜೋರು ಮಳೆ ಬಂತು. ಮಳೆ ನಿಂತ ಮೇಲೆ ನೇಕಾರ ಗುಡ್ಡ ಹತ್ತಿ ವರ್ತಕನ ಮನೆಗೆ ಬಂದ. ಸೊಂಟದವರೆಗೆ ಕೆಂಪು ಕೆಸರು ಮೆತ್ತಿತ್ತು. ಹಾಸುಗಲ್ಲು ಕೊಳೆಯಾದೀತೆಂದು ಹೊರಗೇ ನಿಂತ.

“ಸಾಹುಕಾರರೇ, ಹೇಳಿದ ದಿನಕ್ಕೆ ಸೀರೆ ಕೊಡಲಾರೆ. ಮಗ್ಗಕ್ಕೆ ನೀರು ನುಗ್ಗಿ ಹಾಸಿನ ನೂಲೆಲ್ಲ ಕೆಂಪಾಯಿತು” ಎಂದ.

“ಅಲ್ಲಿಗೆ ನೀರು ಎಲ್ಲಿಂದ ಬಂತು?”

“ಇಲ್ಲಿಂದ.”

ವರ್ತಕನಿಗೆ ಆ ಮಾತು ನಾಟಿತು. “ನೋಡಪ್ಪಾ, ನಾನು ಕಟ್ಟಳೆ ಮೀರಿದವನಲ್ಲ. ಒಂದು ಹನಿ ನೀರನ್ನೂ ಇಲ್ಲಿ ನಿಲ್ಲಲು ಬಿಟ್ಟಿಲ್ಲ” ಎಂದ.

“ಅದು ನನಗೂ ಗೊತ್ತು” ಎಂದ ನೇಕಾರ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಕೈಮುಗಿದು ಇಳಿದು ಹೋದ.

ವರ್ತಕನಿಗೆ ಅಂದು ಊಟ ಸೇರಲಿಲ್ಲ. ಹೆಂಡತಿ ಬೇರೆ ಊರಿನಿಂದ ಸೀರೆ ತರಿಸೋಣ ಎಂದಳು. ಅವನ ಚಿಂತೆ ಸೀರೆಯದಾಗಿರಲಿಲ್ಲ. ತಪ್ಪು ಮಾಡದವನ ಮೇಲೆ ತಪ್ಪು ಬಂದಂತಾಗಿತ್ತು. ಆಗಲಿ, ಒಮ್ಮೆ ನೋಡಿಯೇ ಬಿಡುತ್ತೇನೆ ಎಂದುಕೊಂಡ.

ಮುಂದಿನ ಮಳೆ ಹಿಡಿದಾಗ ತಲೆಯ ಮೇಲೆ ಕಂಬಳಿ ಹೊದ್ದು, ತನ್ನ ಚರಂಡಿಯ ನೀರಿನ ಜೊತೆಯಲ್ಲೇ ಇಳಿಯುತ್ತ ಹೋದ. ಅಂಗಳ ದಾಟುವಾಗ ನೀರು ತೆಳ್ಳಗೆ, ತಿಳಿಯಾಗಿ ಹರಿಯುತ್ತಿತ್ತು. ಗುಡ್ಡ ಕಡಿಸಿದ ಕಡೆಗೆ ಬಂದಾಗ ಕೆಂಪಾಯಿತು. ನೆರೆಮನೆಗಳ ನೀರು ಕೂಡಿಕೊಂಡ ಮೇಲೆ ಅದಕ್ಕೆ ಬಲ ಬಂತು. ತಿರುವಿನಲ್ಲಿ ದಂಡೆಯನ್ನು ಕೊರೆಯತೊಡಗಿತು. ಅಲ್ಲಿಂದ ಮುಂದೆ ಅವನು ನಡೆಯುತ್ತಿದ್ದ, ನೀರು ಓಡುತ್ತಿತ್ತು. ಕೆಳಗಿನ ಬೀದಿಗೆ ಅವನಿಗಿಂತ ಮೊದಲೇ ಹೋಗಿ ಮುಟ್ಟಿತ್ತು.

ನೇಕಾರನ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಗುಂಡಿಯ ನೀರನ್ನು ಕೊಡದಿಂದ ಮೊಗೆದು ಹೊರಗೆ ಚೆಲ್ಲುತ್ತಿದ್ದರು. ವರ್ತಕ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತ. ಆಮೇಲೆ ಕಂಬಳಿ ತೆಗೆದಿಟ್ಟು ತಾನೂ ಒಂದು ಕೊಡ ತೆಗೆದುಕೊಂಡ. ನೀರು ಇಳಿದಂತೆ ತಳದಲ್ಲಿ ಮಣ್ಣು ಕಾಣಿಸಿತು. ವರ್ತಕ ಒಂದು ಹಿಡಿ ಎತ್ತಿ ನೋಡಿದ. ಅವನ ಮನೆಯ ಪಾಯ ತೋಡಿದಾಗ ಎದ್ದ ಕೆಂಪು ಮಣ್ಣೇ ಅದು.

“ಇದು ನನ್ನ ಮಣ್ಣು” ಎಂದ.

“ಹಾಗಾದರೆ ತೆಗೆದುಕೊಂಡು ಹೋಗಿ ಅಣ್ಣಾ. ನಮಗೆ ಇಡಲು ಜಾಗವಿಲ್ಲ” ಎಂದಳು ನೇಕಾರನ ಹೆಂಡತಿ.

ನೇಕಾರನಿಗೆ ನಗು ಬಂತು. ಸ್ವಲ್ಪ ತಡೆದು ವರ್ತಕನೂ ನಕ್ಕ. ಆದರೆ ಹೋಗುವಾಗ ಒಂದು ಬುಟ್ಟಿ ಮಣ್ಣನ್ನು ಹೊತ್ತುಕೊಂಡೇ ಹೋದ.

ಮರುದಿನ ಅವನು ಯಜಮಾನನ ಬಳಿಗೆ ಹೋಗಿ, ಕಟ್ಟಳೆಯನ್ನು ಬದಲಿಸಬೇಕು ಎಂದ.

ಯಜಮಾನನಿಗೆ ಬೇಸರವಾಯಿತು. “ನಮ್ಮ ಮಕ್ಕಳನ್ನು ಉಳಿಸಿದ ಕಟ್ಟಳೆ ಅದು. ಹಿರಿಯರದು ತಪ್ಪು ಎನ್ನುತ್ತೀರಾ?”

“ತಪ್ಪು ಎನ್ನುವುದಿಲ್ಲ ಯಜಮಾನರೇ. ಅವರು ಕೆಳಕ್ಕೆ ಬಿಡಿ ಎಂದಾಗ ಕೆಳಗೆ ಹುಲ್ಲಿತ್ತು. ಈಗ ಜನರಿದ್ದಾರೆ.”

ಯಜಮಾನ ಒಪ್ಪಲಿಲ್ಲ. ನೀರು ನಿಂತರೆ ಮತ್ತೆ ಜ್ವರ ಬಂದೀತೆಂಬ ಹೆದರಿಕೆ ಅವನಿಗಿತ್ತು. ಅದು ಸುಳ್ಳು ಹೆದರಿಕೆಯೂ ಅಲ್ಲ.

ವರ್ತಕ ವಾದಕ್ಕೆ ಇಳಿಯಲಿಲ್ಲ. ಅಂಗಳದ ಅರ್ಧ ಕಲ್ಲುಗಳನ್ನು ಕೀಳಿಸಿದ. ಅಲ್ಲಿ ಆಳವಾದ ಗುಂಡಿ ತೋಡಿಸಿ, ದಪ್ಪ ಕಲ್ಲು, ಜಲ್ಲಿ, ಮರಳು ತುಂಬಿಸಿ ಚಾವಣಿಯ ನೀರನ್ನು ಅದಕ್ಕೆ ತಿರುಗಿಸಿದ. ಗುಡ್ಡ ಕಡಿದ ಕಡೆ ಸಾಲುಸಾಲಾಗಿ ಲಾವಂಚದ ಹುಲ್ಲು ನೆಡಿಸಿದ. ಚರಂಡಿಯಲ್ಲಿ ಅಲ್ಲಲ್ಲಿ ಅಡ್ಡಕಲ್ಲು ಇಟ್ಟು ನೀರಿನ ಓಟ ತಗ್ಗಿಸಿದ. ನೆರೆಯವರು ಗೊಣಗಿದರು. ಒಬ್ಬಾಕೆ ಜ್ವರಕ್ಕೆ ಹೆದರಿ ತನ್ನ ಮಕ್ಕಳನ್ನು ಆ ಅಂಗಳಕ್ಕೆ ಕಳಿಸುವುದನ್ನೇ ನಿಲ್ಲಿಸಿದಳು. ವರ್ತಕ ಆಕೆಯ ಮೇಲೆ ಸಿಟ್ಟಾಗಲಿಲ್ಲ.

ಮಳೆ ಬಂತು. ಗುಂಡಿ ತುಂಬಿತು. ಬೆಳಗಾಗುವಷ್ಟರಲ್ಲಿ ನೆಲ ಆ ನೀರನ್ನೆಲ್ಲ ಕುಡಿದಿತ್ತು. ಕೆಳಗೆ ಹೋದದ್ದು ಸ್ವಲ್ಪ, ಅದೂ ತಿಳಿ.

ಆದರೂ ನೇಕಾರನ ಮಗ್ಗಕ್ಕೆ ನೀರು ನುಗ್ಗಿತು. ಅದು ಬೇರೆ ಮನೆಗಳ ನೀರು. ಅವನು ಮತ್ತೆ ಗುಡ್ಡ ಹತ್ತಿ ಬಂದು, “ಸೊಂಟದವರೆಗೆ ಬರುತ್ತಿದ್ದದ್ದು ಈ ಸಲ ಮೊಣಕಾಲಿಗೇ ನಿಂತಿತು, ಸಾಹುಕಾರರೇ” ಎಂದ. ಆ ಹೊತ್ತಿಗೆ ಯಜಮಾನ ಅಲ್ಲಿಯೇ ಅಂಗಳದ ಗುಂಡಿಯನ್ನು ಬಗ್ಗಿ ನೋಡುತ್ತಿದ್ದ. ನೀರು ನಿಂತಿದೆಯೇ ಎಂದು ಪರೀಕ್ಷಿಸಲು ಬಂದಿದ್ದವನು. ನೇಕಾರನ ಮಾತು ಅವನ ಕಿವಿಗೂ ಬಿತ್ತು. ನೇಕಾರನ ಜೊತೆ ಕೆಳಗಿನ ಬೀದಿಗೆ ಇಳಿದು ಹೋದ. ಯಜಮಾನನಾದ ಮೇಲೆ ಅವನು ಆ ಬೀದಿಗೆ ಕಾಲಿಟ್ಟದ್ದು ಅದೇ ಮೊದಲು.

ಊರು ಚಾವಡಿಯಲ್ಲಿ ಸೇರಿತು. ಮೇಲಿನವರು, ಕೆಳಗಿನವರು ಒಂದೇ ಜಮಖಾನದ ಮೇಲೆ ಕುಳಿತರು. ಮಾತು ಬೆಳೆಯಿತು. ಕೆಲವರು ಎದ್ದು ಹೋದರು, ಮತ್ತೆ ಬಂದು ಕುಳಿತರು. ಕೊನೆಗೆ ಹಳೆಯ ಸಾಲುಗಳನ್ನು ಅಳಿಸದೆ, ಅವುಗಳ ಕೆಳಗೇ ಹೊಸ ಸಾಲುಗಳನ್ನು ಕೆತ್ತಿಸಿದರು: ‘ಬಿದ್ದ ನೀರನ್ನು ಮೊದಲು ನಿಮ್ಮ ನೆಲಕ್ಕೆ ಕುಡಿಸಿರಿ. ಉಳಿದದ್ದನ್ನು ನಿಧಾನವಾಗಿ, ಮಣ್ಣಿಲ್ಲದೆ ಕಳಿಸಿರಿ. ನೆಲ ಕಡಿಯುವವರು ಮಳೆಗೆ ಮೊದಲು ಹುಲ್ಲು ನೆಡಲಿ.’

ಎಲ್ಲ ಮನೆಗಳಲ್ಲೂ ಅದು ಜಾರಿಗೆ ಬರಲು ಕಾಲ ಹಿಡಿಯಿತು. ಬಂದ ಮೇಲೆ ಮಗ್ಗದ ಗುಂಡಿಗಳು ಒಣಗಿಯೇ ಇದ್ದವು. ಜ್ವರ ಬರಲಿಲ್ಲ. ಬೇಸಿಗೆಯಲ್ಲಿ ತಳ ಕಾಣುತ್ತಿದ್ದ ಮೇಲಿನ ಬಾವಿಗಳಲ್ಲಿ ನೀರುಳಿಯಿತು. ಅದನ್ನು ಯಾರೂ ನಿರೀಕ್ಷಿಸಿರಲಿಲ್ಲ. ವರ್ತಕನ ಮಗಳ ಮದುವೆ ಗಂಡಿನ ಮನೆಯವರು ತಂದ ಬೇರೆ ಸೀರೆಯಲ್ಲಿಯೇ ನಡೆಯಿತು. ಅವಳು ಮೊದಲ ಸಲ ತವರಿಗೆ ಬಂದಾಗ ನೇಕಾರನ ಸೀರೆ ಸಿದ್ಧವಾಗಿತ್ತು. ಕೊಟ್ಟ ಮನೆಯ ಧಾರೆ ಸೀರೆಗಿಂತ ಇದೇ ಚೆನ್ನಾಗಿದೆ ಎಂದು ಅವಳು ಗಂಡನ ಎದುರಿಗೇ ಹೇಳಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು.

“ತಿಳಿಯಿತು ಗುರುಗಳೇ. ಅಂತೂ ಆ ಊರಿಗೆ ಸರಿಯಾದ ಕಟ್ಟಳೆ ಸಿಕ್ಕಿತು. ಇನ್ನು ಅದನ್ನು ಯಾರೂ ಮುಟ್ಟಬೇಕಾಗಿಲ್ಲ, ಅಲ್ಲವೇ?”

“ಕೆಳಗಿನ ಬೀದಿಯ ಕೆಳಗೆ ಈಗ ಹೊಸ ಮನೆಗಳು ಏಳುತ್ತಿವೆ, ಮಗೂ” ಎಂದರು ಗುರುಗಳು.