ಮಾತು ಹೊರುವ ಬೋರ

ಒಬ್ಬಳು ತಾಯಿ, ಅವಳಿಗೊಬ್ಬ ಮಗ. ತಾಯಿ ಸಣ್ಣತಾಯಮ್ಮ, ಮಗ ಚಿಕ್ಕಬೋರ. ಹೆಸರಿಗಷ್ಟೇ ಚಿಕ್ಕಬೋರ, ಆಳು ಬಾಗಿಲ ತುಂಬ ಇದ್ದ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಮನೆ ಕಾಯಲು ಬಾಗಿಲಲ್ಲಿ ಕೂರಿಸಿದರೆ ಬಾಗಿಲಲ್ಲೇ ಕೂತಿರುವನು. ಹಿತ್ತಲಿಂದ ನಾಯಿ ನುಗ್ಗಿ ಮುದ್ದೆ ತಿಂದರೂ ಏಳುವವನಲ್ಲ.

"ನಾನಿರೋಗಂಟ ಸರಿ ಕಣ್ಲಾ. ನಾ ಸತ್ರೆ ನಿಂಗ್ಯಾರ್ಲಾ ಮುದ್ದೆ ಹಾಕೋರು?" ಅಂತ ಅವಳು ಹಣೆ ಹಣೆ ಚಚ್ಚಿಕೊಳ್ಳುವಳು. ಅವಳಿಗೆ ಬಿಡದ ಎದೆಕೆಮ್ಮು ಬೇರೆ.

ಅವ್ವ ಬೈದರೆ ಬೋರನಿಗೆ ಬೇಜಾರಿಲ್ಲ. ಬೈದಾದ ಮೇಲೆ ಒಂದು ಬುದ್ಧಿ ಹೇಳುತ್ತಾಳೆ; ಅದನ್ನು ಗಟ್ಟಿಯಾಗಿ ಹಿಡಿದುಕೊಂಡರೆ ನಾಳೆ ಅವ್ವ ಅಳುವುದಿಲ್ಲ ಅಂತ ಅವನ ನಂಬಿಕೆ. ಅವ್ವ ಸುಮ್ಮನಾದರೆ ಮಾತ್ರ ಅವನಿಗೆ ಭಯ.

ಆ ಊರಲ್ಲಿ ಹೆರಿಗೆ ಆಸ್ಪತ್ರೆ ಕಟ್ಟುತ್ತಿದ್ದರು. ಸಣ್ಣತಾಯಮ್ಮ ಅಲ್ಲಿ ಗಾರೆ ಹೊರುತ್ತಿದ್ದಳು. ಕೆಲಸ ನೋಡಿಕೊಳ್ಳಲು ಸದಾನಂದರಾಯರೆಂಬ ಇಂಜಿನಿಯರು, ಕೆಲಸ ಗುತ್ತಿಗೆ ಹಿಡಿದವನು ಅಂಕಯ್ಯ ಮೇಸ್ತ್ರಿ. ಒಂದು ದಿನ ರಾಯರು ಕೂಲಿಯಾಳುಗಳ ಎದುರೇ ಮೇಸ್ತ್ರಿ ಕಟ್ಟಿದ ಗೋಡೆಯನ್ನು ಬೂಟುಗಾಲಲ್ಲಿ ಒದ್ದರು. ಅವತ್ತಿಂದ ಇಬ್ಬರಿಗೂ ಮಾತು ಬಿಟ್ಟುಹೋಯಿತು. ರಾಯರ ಕುರ್ಚಿ ಬೇವಿನ ಮರದ ಕೆಳಗೆ, ಮೇಸ್ತ್ರಿಯ ಬೀಡಿ ಜಲ್ಲಿ ರಾಶಿಯ ಮೇಲೆ. ಒಳ್ಳೆ ಚೆಂದದ ಕಟ್ಟೋಣ! ಮಾತು ಹೊರುವವರೊಬ್ಬರು ನಡುವೆ ಬೇಕೇ ಬೇಕಾಯಿತು. ಹೊತ್ತವರಿಗೆ ಎರಡೂ ಕಡೆ ಉಗಿತ, ಹಾಗಾಗಿ ಯಾರೂ ಒಪ್ಪಲಿಲ್ಲ.

ಸಣ್ಣತಾಯಮ್ಮ ಹೋಗಿ ರಾಯರಿಗೆ ಕೈಮುಗಿದಳು. "ಬುದ್ದೀ, ನನ್ ಮಗ ಯೋಳಿದ್ರಲ್ಲಿ ಒಂದಕ್ಸರ ಬಿಡಾಕಿಲ್ಲ. ಈ ಕೆಲಸ ಅವನ್ಗೆ ಕೊಡಿ. ನಾ ಕಣ್ಮುಚ್ಚೋದ್ರೊಳ್ಗೆ ಅವನೊಂದು ದಾರಿಗೆ ಹತ್ಲಿ."

ಬೋರನಿಗೆ ಕೆಲಸ ಸಿಕ್ಕಿತು.

ಮೊದಲ ದಿನ ರಾಯರು ಅಂದರು, "ಮರಳಲ್ಲಿ ಮಣ್ಣಿದೆ, ಜರಡಿ ಹಿಡಿಸು ಅಂತ ಹೇಳು. ಅಷ್ಟೂ ಗೊತ್ತಾಗಲ್ವಾ ಆ ಮುಖಕ್ಕೆ, ದರಿದ್ರದವನು!"

ಬೋರ ಹೋದ. "ಮೇಸ್ತ್ರಿ! ಮರಳಲ್ಲಿ ಮಣ್ಣದೆ, ಜರಡಿ ಹಿಡಿಸು. ಅಷ್ಟೂ ಗೊತ್ತಾಗಲ್ವಾ ಆ ಮುಖಕ್ಕೆ, ದರಿದ್ರದವನು!" ರಾಯರು ಕೈ ಬೀಸಿದ್ದನ್ನೂ ಬಿಡದೆ ಒಪ್ಪಿಸಿದ. ಮೇಸ್ತ್ರಿ ಕೈಲಿದ್ದ ಗಾರೆ ಕರಣೆಯನ್ನು ಎತ್ತಿ ಒಗೆದ. ಮಧ್ಯಾಹ್ನದ ತನಕ ಕೆಲಸ ನಿಂತಿತು. ಸಂಜೆ ಅವ್ವ ಹಣೆ ಚಚ್ಚಿಕೊಂಡಳು.

"ಅಯ್ಯೋ ನನ್ ಕರ್ಮವೇ! ಬೈಗುಳನೂ ಹೊತ್ಕೊಂಡು ಹೋದ್ಯೇನ್ಲಾ? ಕೆಟ್ಟ ಮಾತ ಅಲ್ಲೇ ಬಿಟ್ಬುಡು, ಒಳ್ಳೆ ಮಾತ ಮಾತ್ರ ಯೋಳು!"

"ಆಗ್ಲಿ ಕಣವ್ವ!"

ಮಾರನೇ ದಿನ ರಾಯರು ಅಂದರು, "ಕಂಬ ಚೆನ್ನಾಗಿ ಬಂದಿದೆ. ಆದರೆ ಹಿಂದಿನ ಗೋಡೆ ಸೊಟ್ಟ, ಕೆಡವಿ ಕಟ್ಟಲಿ."

ಬೋರ ದಾರಿಯುದ್ದಕ್ಕೂ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರೆ ಮಾಡಿಕೊಂಡು ಹೋದ. "ಮೇಸ್ತ್ರಿ! ಕಂಬ ಚೆನ್ನಾಗಿ ಬಂದದೆ!" ಅಷ್ಟೇ. ಮೇಸ್ತ್ರಿ ಹಿಗ್ಗಿ ಅವನಿಗೂ ಒಂದು ಟೀ ತರಿಸಿದ, ಸೊಟ್ಟ ಗೋಡೆಯನ್ನು ಇನ್ನಷ್ಟು ಮೇಲಕ್ಕೆ ಎಬ್ಬಿಸಿದ. ರಾಯರು ಬಂದು ನೋಡಿ ಅಷ್ಟನ್ನೂ ಕೆಡವಿಸಿದರು.

"ಲೋ ಮಂಕೇ! ಕೆಲಸದ ಮಾತ ನುಂಗ್ಕೋತಾರೇನ್ಲಾ? ಒಳ್ಳೇದೋ ಕೆಟ್ಟದ್ದೋ, ಕಿವಿಗೆ ಬಿದ್ದೇಟ್ಗೆ ಓಡೋಗಿ ಮುಟ್ಟಿಸ್ಬೇಕು!"

"ಆಗ್ಲಿ ಕಣವ್ವ!"

ಮತ್ತೊಂದು ದಿನ ಆಕಾಶದ ತುಂಬ ಮೋಡ. ರಾಯರು, "ಕಾಂಕ್ರೀಟು ಕಲಸಲಿ" ಅನ್ನುತ್ತಲೇ ಬೋರ ಓಟ ಕಿತ್ತ. "ಮೋಡ ಸರಿದ ಮೇಲೆ ಕಣೋ! ಲೋ, ನಿಲ್ಲೋ!" ಅಂತ ರಾಯರು ಕೂಗಿದ್ದು ಬೇವಿನ ಮರಕ್ಕೆ ಕೇಳಿಸಿತು. ಮೇಸ್ತ್ರಿ ಕಲಸಿಸಿದ, ಮಳೆ ಹುಯ್ಯಿತು, ಸಿಮೆಂಟೆಲ್ಲ ಚರಂಡಿ ಪಾಲಾಯಿತು. ಇನ್ನೊಂದು ಸಲ ಹೀಗಾದರೆ ತಾಯಿ ಮಗ ಇಬ್ಬರಿಗೂ ಕೆಲಸವಿಲ್ಲ ಅಂದರು ರಾಯರು.

ಅವತ್ತು ಸಣ್ಣತಾಯಮ್ಮನಿಗೆ ಬೈಯಲೂ ಉಸಿರಿರಲಿಲ್ಲ. ಕೆಮ್ಮಿ ಕೆಮ್ಮಿ, ಮಗನ ಕೆನ್ನೆ ಹಿಡಿದು ಹೇಳಿದಳು, "ಮಗಾ, ಕೊನೇಗಂಟ ಕೇಳ್ಬೇಕು. ದೊಡ್ಡೋರು ಮಾತಾಡ್ವಾಗ ಮಧ್ಯ ಓಡ್ಬಾರ್ದು, ಮಧ್ಯ ಬಾಯಿ ಹಾಕ್ಬಾರ್ದು. ಕೈಕಟ್ಕೊಂಡು ನಿಂತ್ಕೊ. ಅವ್ರು ನಿನ್ ಕಡೆ ತಿರುಗಿ 'ಏನ್ಲಾ' ಅಂದ್ಮೇಲೆ ಬಾಯಿ ಬಿಡು. ಇದೊಂದ ಮರೀಬ್ಯಾಡ ನನ್ನಪ್ಪಾ."

"ಮರೆಯಾಕಿಲ್ಲ ಕಣವ್ವ!" ಅವನು ಮರೆಯಲೂ ಇಲ್ಲ.

ಆಸ್ಪತ್ರೆಗೆ ತಾರಸಿ ಹಾಕಿದರು. ಹಸಿ ತಾರಸಿ ಕುಸಿಯದಂತೆ ಅಡಿಯಲ್ಲಿ ಆಸರೆಗೆ ಮರ ನಿಲ್ಲಿಸಿದ್ದರು. ಒಂದು ಬೆಳಗ್ಗೆ ರಾಯರು ಬೋರನನ್ನು ಕರೆದರು. "ಆಸರೆ ಮರ ಇನ್ನೂ ಕೀಳಿಸಬೇಡ ಅಂತ ಹೇಳು. ತಾರಸಿ ಒಣಗಿಲ್ಲ, ಅಡಿಯಲ್ಲಿ ಯಾರೂ ಓಡಾಡಕೂಡದು."

ಬೋರ ಕೊನೆಯ ತನಕ ಕೇಳಿದ. ಇನ್ನೂ ಇರಬಹುದೇನೋ ಅಂತ ನಿಂತೇ ಇದ್ದ. "ಹೋಗೋ!" ಅಂದ ಮೇಲೆ ಹೋದ.

ಅತ್ತ ಮೇಸ್ತ್ರಿ ಆಳುಗಳಿಗೆ ಕೂಗಿ ಹೇಳುತ್ತಿದ್ದ, "ಆ ಮೂಲೇದ ಬಿಚ್ರಲಾ! ಈಗ ನಡೂದು!" ದೊಡ್ಡವರು ಮಾತಾಡುತ್ತಿದ್ದಾರೆ. ಬೋರ ಕೈಕಟ್ಟಿಕೊಂಡು ನಿಂತ. ತಾರಸಿಯ ಅಡಿಯಲ್ಲಿ ಹಲಗೆ ಆಯುತ್ತಿದ್ದ ಸಣ್ಣತಾಯಮ್ಮ ತಲೆ ಎತ್ತಿ ಅವನನ್ನು ನೋಡಿದಳು. ಮುಖ ಅರಳಿತು. ಪಕ್ಕದವಳು ಹಲಗೆ ಹೊತ್ತು ಆಚೆ ಹೋಗುತ್ತಿದ್ದಳು, ಅವಳಿಗೆ ಕೂಗಿ ಹೇಳಿದಳು, "ನೋಡಮ್ಮಿ ನನ್ ಮಗನ್ನ! ಎಷ್ಟ್ ಸಂದಾಗಿ ನಿಂತವ್ನೆ!"

ಅವ್ವ ಹಾಗೆ ನಕ್ಕಿದ್ದನ್ನು ಬೋರ ಎಂದೂ ಕಂಡಿರಲಿಲ್ಲ. ಅವನು ಇನ್ನಷ್ಟು ನೆಟ್ಟಗೆ ನಿಂತ.

ನಡುವಿನ ಮರ ಬಿಚ್ಚಿದರು. ತಾರಸಿ ಕೂತುಬಿಟ್ಟಿತು.

ಧೂಳಿನಲ್ಲಿ ಮೇಸ್ತ್ರಿ ದಿಕ್ಕು ತಪ್ಪಿದವನಂತೆ ತಿರುಗಿದ. ಎದುರಿಗೆ ಬೋರ, ಕೈಕಟ್ಟಿಕೊಂಡು. "ಏನ್ಲಾ?" ಅಂದ.

"ಆಸರೆ ಮರ ಇನ್ನೂ ಕೀಳಿಸಬೇಡ. ತಾರಸಿ ಒಣಗಿಲ್ಲ, ಅಡಿಯಲ್ಲಿ ಯಾರೂ ಓಡಾಡಕೂಡದು" ಅಂತ ಬೋರ ನಿಧಾನವಾಗಿ ಹೇಳಿದ. ಒಂದಕ್ಷರ ಬಿಡಲಿಲ್ಲ.

ರಾಯರು ಬಿದ್ದು ಎದ್ದು ಓಡಿಬಂದು, ಕುಸಿದ ಚಪ್ಪಡಿಗೆ ಕೈ ಹಾಕಿದರು. "ಅಂಕಯ್ಯ, ಆ ಕಡೆ ಎತ್ತು!"

"ಎತ್ತಿವ್ನಿ ಬುದ್ದೀ, ನೀವು ಈ ಕಡೆ ಹಿಡೀರಿ!"

ಅಷ್ಟು ದಿನ ಆಡದ ಮಾತು ಈಗ ಆಡಿದರು. ನಡುವೆ ಹೊರುವವರು ಯಾರೂ ಬೇಕಾಗಲಿಲ್ಲ. ಈ ಬಾಯಿಗಳು ಒಂದು ಗಳಿಗೆ ಮೊದಲು ತೆರೆದಿದ್ದರೆ ಆ ತಾಯಿ ಇರುತ್ತಿದ್ದಳು.

ಬೋರ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ. "ತಪ್ಪಾಯ್ತೇನವ್ವ? ಬೈಯವ್ವ. ಬೈದು ಬುದ್ದಿ ಯೋಳವ್ವ." ಅವ್ವ ಸುಮ್ಮನಿದ್ದಳು. ಅವನಿಗೆ ಭಯವಾಯಿತು.

ಮಣ್ಣು ಮಾಡಿದ ಮೇಲೆ ರಾಯರೂ ಮೇಸ್ತ್ರಿಯೂ ಗುಡ್ಡೆಯ ಮುಂದೆ ತಲೆತಗ್ಗಿಸಿ ನಿಂತರು. ರಾಯರು ಏನೋ ಹೇಳಹೊರಟರು. ಅಭ್ಯಾಸಬಲದಿಂದ ಬೋರನ ಕಡೆ ತಿರುಗಿದರು. "ನಿಮ್ಮವ್ವನಿಗೆ ನೀನೇ ಹೇಳಪ್ಪ. ನಾವಿಬ್ಬರೂ ಈಗ ಮಾತಾಡ್ತಿದೀವಿ ಅಂತ. ಇನ್ನು ನಿನ್ನ ಊಟ ನಮ್ಮದು ಅಂತ."

"ಆಗ್ಲಿ ಬುದ್ದಿ" ಅಂದ ಬೋರ.

ಸಂಜೆಯಾದರೂ ಅವನು ಮನೆಗೆ ಬರಲಿಲ್ಲ. ಮೇಸ್ತ್ರಿ ಬುತ್ತಿ ಹಿಡಿದು ಹುಡುಕಿಕೊಂಡು ಹೋದ. ಬೋರ ಗುಡ್ಡೆಯ ಹತ್ತಿರ ಕೈಕಟ್ಟಿಕೊಂಡು ನಿಂತಿದ್ದ.

"ಬಾರ್ಲಾ ಮಗಾ, ಉಣ್ಣೀವಂತೆ."

"ಮಾತು ಮುಟ್ಟಿಸ್ಬೇಕು ಮೇಸ್ತ್ರಿ."

"ಯೋಳ್ಬುಟ್ಟು ಬಾರ್ಲಾ ಮತ್ತೆ!"

ಬೋರ ತುಟಿಯ ಮೇಲೆ ಬೆರಳಿಟ್ಟ. "ಶ್! ಅವ್ವ ಇನ್ನೂ ನನ್ ಕಡೆ ತಿರುಗಿಲ್ಲ. 'ಏನ್ಲಾ' ಅನ್ಲಿ, ಯೋಳ್ತೀನಿ."