ಹುತ್ತಕ್ಕೆ ಕಟ್ಟಿದ ಬೆಲೆ

ಈ ಕಥೆ ಸುಳ್ಳೆನಿಸಿದರೆ ನರಿಯನ್ನೇ ಕೇಳಿ, ಅದು ಹುಟ್ಟಿದಾಗಿನಿಂದ ನಿಜವನ್ನೇ ಹೇಳುತ್ತ ಬಂದಿದೆ. ಗೆದ್ದಲಜ್ಜಿಯ ಹುತ್ತದ ಮೇಲೆ ನಾಗಪ್ಪನ ಕಣ್ಣು ಬಿತ್ತು. ಸುಮ್ಮನೆ ನುಗ್ಗಿದರೆ ಕಾಡು ಆಡಿಕೊಂಡೀತೆಂದು, ಬೆಲೆ ಕಟ್ಟಲು ನರಿಯನ್ನು ಕರೆತಂದ.

ನರಿ ಹುತ್ತಕ್ಕೊಂದು ಸುತ್ತು ಬಂದು, ಮೂಸಿ, "ಇಲ್ಲಿರುವುದು ಎರಡು ಬುಟ್ಟಿ ಮಣ್ಣು. ಒಂದು ಹಳೇ ಪೊರೆ ಕೊಟ್ಟರೆ ಸಾಕು," ಎಂದಿತು.

"ದಿನಾ ತೇಪೆ ಹಾಕುವ ನನ್ನ ಮಕ್ಕಳನ್ನು ಲೆಕ್ಕಕ್ಕೆ ಹಿಡಿದೆಯಾ, ನರಿಯಣ್ಣ?"

"ಅವರನ್ನು ಬುಟ್ಟಿಯಲ್ಲಿ ಅಳೆಯಲಾಗದು, ತಾಯಿ."

"ನೀನು ಒಪ್ಪಿದರೂ ಸರಿ, ಬಿಟ್ಟರೂ ಸರಿ, ಸಂಜೆಗೆ ನಾನು ಒಳಗಿರುತ್ತೇನೆ," ಎಂದು ನಾಗಪ್ಪ ಹೆಡೆಯೆತ್ತಿದ.

ಅಜ್ಜಿ ಅಳುಕಲಿಲ್ಲ. "ಹಾಗಾದರೆ ಅಳೆದದ್ದು ನಿನಗಿರಲಿ, ಅಳೆಯಲಾಗದ್ದು ನನ್ನ ಜೊತೆ ಬರುತ್ತದೆ. ನಿನ್ನ ಪೊರೆಯೂ ಬೇಡ," ಎಂದವಳೇ ಇಡೀ ಸಂಸಾರ ಕಟ್ಟಿಕೊಂಡು ಹುಣಸೆಮರದ ಬುಡಕ್ಕೆ ನಡೆದಳು.

ತೇಪೆ ಹಾಕುವವರಿಲ್ಲದ ಹುತ್ತ ಮೊದಲ ಮಳೆಗೇ ಕುಸಿಯಿತು. ಮೈಯೆಲ್ಲ ಕೆಸರಾದ ನಾಗಪ್ಪ ಹುಣಸೆಬುಡಕ್ಕೆ ಹರಿದು ಬಂದ. "ಅಜ್ಜೀ, ನನ್ನ ಹುತ್ತ ಹೋಯಿತು."

ಅಜ್ಜಿ ಹೊಸ ಗೋಡೆಗೆ ಮಣ್ಣು ಮೆತ್ತುತ್ತಲೇ ಹೇಳಿದಳು: "ಎಲ್ಲಿ ಹೋಯಿತು ನಾಗಪ್ಪ? ಎರಡು ಬುಟ್ಟಿ ಮಣ್ಣು ಅಲ್ಲೇ ಇದೆಯಲ್ಲ. ಬೇಕಾದರೆ ನರಿಯಣ್ಣನನ್ನು ಕರೆದು ಅಳೆಸಿ ನೋಡು."