ಬಾಯಿಲ್ಲದ ದಿನಗಳ ಕೊಬ್ಬು

ಬೆಲೆ ಒಂದು ಹನಿ ಕೊಬ್ಬು. ಅದಕ್ಕೆ ಪ್ರತಿಯಾಗಿ ಬಾಳಿಡೀ ಕೂರಲು ಚಿಪ್ಪಿನ ನಡುಮಧ್ಯದ ನುಣುಪು ಜಾಗ. ಸಿಂಪಿ ಸಾಕುವ ತೊಟ್ಟಿಯ ತಳದಲ್ಲಿದ್ದ ಹಳೆಯ ಖಾಲಿ ಚಿಪ್ಪು, ಈಜಿ ಸಾಕಾಗಿ ನೆಲೆ ಹುಡುಕುತ್ತಿದ್ದ ಸಿಂಪಿ ಮರಿಯ ಮುಂದೆ ಈ ವ್ಯಾಪಾರ ಇಟ್ಟಿತು. ಮರಿ ತಿಂದು ಉಳಿಸಿದ ಕೊಬ್ಬು ಅದರ ಹೊಟ್ಟೆಯಲ್ಲಿ ಹನಿಯಾಗಿ ಹೊಳೆಯುತ್ತಿತ್ತು.

“ಕೊಟ್ಟುಬಿಡು ತಮ್ಮಾ. ಸಾಕುವವರು ದಿನವೂ ಹಸಿರು ಪಾಚಿ ಸುರಿಯುತ್ತಾರೆ. ಕೂಡಿಟ್ಟು ಏನು ಮಾಡುತ್ತೀ?” ಎಂದಿತು ಚಿಪ್ಪು.

ಮಾತು ಸರಿಯೆನಿಸಿತು. ಆದರೂ ಮರಿ ಕೇಳಿತು, “ನಿನಗೇಕೆ ಕೊಬ್ಬು? ತಿನ್ನಲು ನಿನಗೆ ಬಾಯಿಯೇ ಇಲ್ಲವಲ್ಲ.”

“ಬಾಯಿ ಯಾರಿಗೆ ಬೇಕು? ಕೂತ ಮೇಲೆ ಕೆಲವು ದಿನ ನಿನಗೂ ಇರುವುದಿಲ್ಲ.”

ನಡುವಿನ ಜಾಗದಲ್ಲಿ ತನ್ನಷ್ಟೇ ಗಾತ್ರದ ಮರಿಗಳು ಸಾಲಾಗಿ ಕುಳಿತಿದ್ದವು. “ಇವರೆಲ್ಲ ಬೆಲೆ ಕೊಟ್ಟವರೋ?” ಎಂದಿತು ಮರಿ.

“ಕೊಟ್ಟವರೇ. ಇದುವರೆಗೆ ಒಬ್ಬರೂ ತಕರಾರು ಹೇಳಿಲ್ಲ.”

ಮರಿ ಹತ್ತಿರದ ಒಂದನ್ನು ಮುಟ್ಟಿತು. ಅದರ ಪುಟ್ಟ ಚಿಪ್ಪು ತೆರೆದುಕೊಂಡಿತು. ಒಳಗೆ ಬರೀ ನೀರಿತ್ತು.

ಮರಿ ವ್ಯಾಪಾರ ಮುರಿದು, ಅದೇ ಹಳೆಯ ಚಿಪ್ಪಿನ, ಯಾರೂ ಬೆಲೆ ಕಟ್ಟದ ಒರಟು ಅಂಚಿಗೆ ಹೋಗಿ ಅಂಟಿಕೊಂಡಿತು. ಈಜುವ ರೋಮಗಳು ಉದುರಿದವು, ಬಾಯಿ ಮುಚ್ಚಿಹೋಯಿತು. ಹಸಿರು ಮೇವು ಮೈಮೇಲೆಯೇ ತೇಲಿಹೋದರೂ ತಿನ್ನುವಂತಿರಲಿಲ್ಲ. ಹೊಸ ಮೈ ಕಟ್ಟಿಕೊಳ್ಳುವ ತನಕ ಅದು ತನ್ನ ಹನಿಯನ್ನೇ ಕರಗಿಸಿ ಉಂಡಿತು. ಅತ್ತ ಹಳೆಯ ಚಿಪ್ಪು ಇನ್ನೊಂದು ಮರಿಗೆ, “ನಡುವೆ ಜಾಗ ಖಾಲಿ ಇದೆ ತಮ್ಮಾ,” ಎನ್ನುವುದು ಕೇಳಿಸುತ್ತಿತ್ತು. ಕೂಗಿ ತಡೆಯಲು ಇದಕ್ಕೆ ಬಾಯಿರಲಿಲ್ಲ.

ಹನಿ ತೀರಿದ ದಿನ ಹೊಸ ಬಾಯಿ ತೆರೆಯಿತು. ಅಷ್ಟರಲ್ಲಿ ನಡುವಿನ ಸಾಲಿಗೆ ಇನ್ನೊಂದು ಮರಿಯ ಖಾಲಿ ಚಿಪ್ಪು ಸೇರಿತ್ತು. ಅಂಚಿನ ಮರಿಯ ಲೆಕ್ಕದಲ್ಲಿ ಹೋದದ್ದು ಒಂದು ಹನಿ ಕೊಬ್ಬು, ಬಂದದ್ದು ಒಂದು ಬಾಯಿ.